ಸಹಾಯ ಬೇಕು: ಸ್ಟಾಟಿನ್ ನಂತರದ ಎಲ್‌ಡಿಎಲ್, ಲ್ಯಾಗ್ ಟೈಮ್ ಒಂದೇ ಥರ ಬರುತ್ತಿಲ್ಲ

ಲಿಪಿಡ್ ಕೆಲಸ ಗೊತ್ತಿರುವವರು ಸ್ವಲ್ಪ ನೋಡಿ ಹೇಳಿ. ಅಟೋರ್ವಾಸ್ಟಾಟಿನ್ (ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ) ಶುರುವಾಗುವ ಮೊದಲಿನ ಮತ್ತು 12 ವಾರದ ನಂತರದ ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಕಣ) ಎಷ್ಟು ಬೇಗ ಆಕ್ಸಿಡೈಸ್ ಆಗುತ್ತದೆ ಎಂದು ಹೋಲಿಸಬೇಕು. ಆಕ್ಸಿಡೇಶನ್ ಜೋರಾಗುವ ಮೊದಲು ಹಿಡಿಯುವ ಸಮಯವೇ ಲ್ಯಾಗ್ ಟೈಮ್.

ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ, ಲೋಹ ಹಿಡಿಯುವ ರಾಸಾಯನಿಕ) ಹಾಕಿದ ಪ್ಲಾಸ್ಮಾ, ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ 1.019–1.063 ಸಾಂದ್ರತೆಯ ಭಾಗ, ಕತ್ತಲಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಡಯಾಲಿಸಿಸ್ (ಪೊರೆಯ ಚೀಲದಲ್ಲಿಟ್ಟು ಇಡಿಟಿಎ ತೊಳೆಯುವುದು). ಆಮೇಲೆ ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಪ್ರೋಟೀನ್, ಆಕ್ಸಿಡೇಶನ್ ಶುರು ಮಾಡಲು 5 ಮೈಕ್ರೊಮೋಲಾರ್ ಕಾಪರ್ ಸಲ್ಫೇಟ್, 37 ಡಿಗ್ರಿ, 234 ನ್ಯಾನೊಮೀಟರಿನಲ್ಲಿ (ಆಕ್ಸಿಡೈಸ್ ಆಗುತ್ತಿರುವ ಕೊಬ್ಬು ಬೆಳಕು ಹೀರುವ ಜಾಗ) ರೀಡಿಂಗ್.

ಒಂದೇ ಸ್ಯಾಂಪಲ್ ಎರಡು ಚೀಲದಲ್ಲಿಟ್ಟರೆ ಎರಡು ಲ್ಯಾಗ್ ಟೈಮ್! ಅನುಮಾನ ಉಳಿದ ಇಡಿಟಿಎ ಮೇಲೆ. ಅದು ತಾಮ್ರವನ್ನು ಒಂದಕ್ಕೊಂದರಂತೆ ಹಿಡಿದುಕೊಳ್ಳುವುದರಿಂದ 5 ಮೈಕ್ರೊಮೋಲಾರ್ ಉಳಿದರೂ ರಿಯಾಕ್ಷನ್ ಹೊರಡುವುದೇ ಇಲ್ಲ. ಡಯಾಲಿಸಿಸ್ ಬದಲು ಡೀಸಾಲ್ಟಿಂಗ್ ಕಾಲಂ (ಸಣ್ಣ ಅಣುಗಳನ್ನು ಬೇರ್ಪಡಿಸುವ ಜೆಲ್ ಕೊಳವೆ) ಬೇಗ ಮುಗಿಯುತ್ತದೆ, ಆದರೆ ಸ್ಯಾಂಪಲ್ ತೆಳುವಾಗುತ್ತದೆ. ನೀವು ಯಾವುದು ಬಳಸುತ್ತೀರಿ?

ಇನ್ನೊಂದು, ಇದೇ ದೊಡ್ಡ ತಲೆನೋವು. ಮಾತ್ರೆಯಿಂದ ಎಲ್‌ಡಿಎಲ್ ಕಣಗಳೇ ಕಡಿಮೆಯಾಗುತ್ತವೆ. ಸಮ ಪ್ರಮಾಣದ ಪ್ಲಾಸ್ಮಾ ತೆಗೆದುಕೊಂಡರೆ ಒಂದೊಂದು ಕಣಕ್ಕೆ ಸಿಗುವ ತಾಮ್ರ ಜಾಸ್ತಿಯಾಗಿ, ಲ್ಯಾಗ್ ಸುಳ್ಳೇ ಗಿಡ್ಡವಾಗುತ್ತದೆ. ಅದಕ್ಕೇ ಪ್ರೋಟೀನ್ ಸಮ ಮಾಡುವುದು. ಆದರೆ ಆಲ್ಬುಮಿನ್ (ಪ್ಲಾಸ್ಮಾದ ಬೇರೆ ಪ್ರೋಟೀನ್) ಸೇರಿಕೊಂಡಿದ್ದರೆ ಆ ಲೆಕ್ಕವೂ ತಪ್ಪು. ಕಣಕ್ಕೊಂದೇ ಅಪೋಬಿ (ಎಲ್‌ಡಿಎಲ್‌ನ ಮುಖ್ಯ ಪ್ರೋಟೀನ್) ಇರುವುದರಿಂದ ಅದನ್ನೇ ಅಳೆಯುವುದು ಮೇಲೇ? ಪ್ಲಾಸ್ಮಾದ ಟಿಬಾರ್ಸ್ (ಆಕ್ಸಿಡೈಸ್ ಆದ ಕೊಬ್ಬಿನ ಅಳತೆ) ಇಳಿದದ್ದನ್ನೂ ಹಾಗೇ ನಂಬುವಂತಿಲ್ಲ, ಆಕ್ಸಿಡೈಸ್ ಆಗುವ ಕೊಬ್ಬೇ ಕಡಿಮೆಯಾಗಿರುತ್ತದಲ್ಲ. ಆಕ್ಸಿಡೇಶನ್ ತಡೆಯುವ ವಿಟಮಿನ್ ಇ, ಕೋಎನ್‌ಜೈಮ್ ಕ್ಯೂ10 ಕೂಡ ಎಲ್‌ಡಿಎಲ್ ಜೊತೆಗೇ ಇಳಿಯುತ್ತವೆ; ಅವನ್ನು ಎಲ್‌ಡಿಎಲ್ ಕೊಲೆಸ್ಟರಾಲ್‌ನಿಂದ ಭಾಗಿಸುತ್ತೀರೋ, ಅಪೋಬಿಯಿಂದಲೋ?

(ಮಾತ್ರೆ ನಿಲ್ಲಿಸಬಹುದಾ ಎಂಬ ಪ್ರಶ್ನೆ ಇಲ್ಲಿ ಬೇಡ, ಅದು ನಿಮ್ಮ ಡಾಕ್ಟರ ಹತ್ತಿರ.)