ಪ್ರಶ್ನೋತ್ತರ: ದೊಡ್ಡ ಸೋರ್ಸ್ ಕೋಡ್‌ನಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಲಕ್ಷಾಂತರ ಸಾಲುಗಳ ಹಳೆಯ ಸಿ ಮತ್ತು ಸಿ ಪ್ಲಸ್ ಪ್ಲಸ್ ಕೋಡ್ ನಮ್ಮ ತಂಡದ ಪಾಲಿಗೆ ಬಂದಿದೆ. ಫೈಲುಗಳಲ್ಲಿ ಪದ ಹುಡುಕುವ ಗ್ರೆಪ್ ಕಮಾಂಡ್ ಓಡಿಸಿದರೆ ಬಹಳ ಹೊತ್ತು ಹಿಡಿಯುತ್ತದೆ. ಸಿಕ್ಕಿದ್ದರಲ್ಲೂ ಕಂಪೈಲ್ ಮಾಡಿದಾಗ ಹುಟ್ಟುವ ಬಿಲ್ಡ್ ಫೋಲ್ಡರಿನ ಕಸವೇ ಹೆಚ್ಚು. ಇದಕ್ಕಾಗಿ ಕೋಡ್‌ನ ಸೂಚಿಯನ್ನು ಮೊದಲೇ ಸಿದ್ಧಪಡಿಸಿಡುವ ಇಂಡೆಕ್ಸ್ ಸರ್ವರ್ ಹಾಕಿಕೊಳ್ಳಬೇಕೇ?

ಉತ್ತರ: ಈಗಲೇ ಬೇಡ. ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ನಿಮ್ಮ ಕೋಡ್ ಇದ್ದರೆ ಮೊದಲು ‘ಗಿಟ್ ಗ್ರೆಪ್’ ಬಳಸಿ ನೋಡಿ. ಗಿಟ್‌ಗೆ ಸೇರಿಸಿದ ಫೈಲುಗಳನ್ನಷ್ಟೇ ಅದು ಓದುವುದರಿಂದ ಬಿಲ್ಡ್‌ನ ಕಸ ತಾನಾಗಿಯೇ ಹೊರಗುಳಿಯುತ್ತದೆ. 2016ರಲ್ಲಿ ಬಂದ ರಿಪ್‌ಗ್ರೆಪ್ ಇನ್ನೂ ಅನುಕೂಲದ್ದು: ಹಲವು ಕೋರ್‌ಗಳಲ್ಲಿ ಏಕಕಾಲಕ್ಕೆ ಹುಡುಕುತ್ತದೆ, ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಯಲ್ಲಿ) ಹೆಸರಿಸಿದ ಫೈಲುಗಳನ್ನೂ ಅಡಗಿಸಿಟ್ಟ ಫೈಲುಗಳನ್ನೂ ಬೈನರಿಗಳನ್ನೂ ಬಿಟ್ಟುಬಿಡುತ್ತದೆ. ಆದ್ದರಿಂದಲೇ ಅದು ‘ಸಿಗಲಿಲ್ಲ’ ಎಂದ ಮಾತ್ರಕ್ಕೆ ಇಲ್ಲವೆಂದು ತೀರ್ಮಾನಿಸಬಾರದು. ಬಿಲ್ಡ್ ವೇಳೆ ಹುಟ್ಟುವ ಹೆಡರ್ ಫೈಲಿನಲ್ಲಿ ಆ ಹೆಸರು ಇರಬಹುದು. ರಿಪ್‌ಗ್ರೆಪ್‌ಗೆ ಮೈನಸ್ ಚಿಹ್ನೆಯ ನಂತರ ಒಂದು ‘ಯು’ ಕೊಟ್ಟರೆ ಇಗ್ನೋರ್ ನಿಯಮಗಳು, ಎರಡು ಕೊಟ್ಟರೆ ಅಡಗಿದ ಫೈಲುಗಳ ತಡೆ, ಮೂರು ಕೊಟ್ಟರೆ ಬೈನರಿಗಳ ತಡೆಯೂ ಹೋಗುತ್ತದೆ.

ಆದರೆ ಈ ಫಂಕ್ಷನ್ನನ್ನು ಯಾರು ಕರೆಯುತ್ತಾರೆ ಎಂಬ ಪ್ರಶ್ನೆಗೆ ಇವು ಸಾಲವು. ‘ಓಪನ್’ ಎಂದು ಹುಡುಕಿದರೆ ಕಾಮೆಂಟು, ಸ್ಟ್ರಿಂಗು, ಬೇರೆ ಕ್ಲಾಸಿನ ಮೆಥಡ್ಡು ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಸಿ ಭಾಗಕ್ಕೆ ಸಿ-ಸ್ಕೋಪ್ ಎಂಬ ಹಳೆಯ ಹುಡುಕಾಟದ ಸಾಧನ ಈಗಲೂ ಸಾಕು. ಸಿ ಪ್ಲಸ್ ಪ್ಲಸ್‌ಗೆ ಮಾತ್ರ ಕ್ಲಾಂಗ್‌ಡಿ ಎಂಬ ಸಾಧನವೇ ಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ನಿಮ್ಮ ನಿಜವಾದ ಕಂಪೈಲ್ ಆಯ್ಕೆಗಳನ್ನು ಹಿಡಿದು ಕೋಡನ್ನು ಪಾರ್ಸ್ ಮಾಡುತ್ತದೆ, ಅಂದರೆ ಕಂಪೈಲರಿನಂತೆ ಬಿಡಿಸಿ ಓದುತ್ತದೆ. ಮ್ಯಾಕ್ರೋ ಎರಡು ತುಂಡುಗಳನ್ನು ಜೋಡಿಸಿ ಕಟ್ಟಿದ ಹೆಸರು ಸೋರ್ಸ್‌ನಲ್ಲಿ ಎಲ್ಲಿಯೂ ಪೂರ್ತಿಯಾಗಿ ಇರುವುದಿಲ್ಲವಾದ್ದರಿಂದ ಗ್ರೆಪ್ ಅದನ್ನು ಹಿಡಿಯಲಾರದು.

ಪ್ರಶ್ನೆ: ಹಾಗಾದರೆ ಇಂಡೆಕ್ಸ್ ಯಾವಾಗ ಬೇಕು, ಸರ್?

ಉತ್ತರ: ನೂರಾರು ರೆಪೊಸಿಟರಿಗಳನ್ನು (ಕೋಡ್ ಭಂಡಾರಗಳನ್ನು) ಪ್ರತಿಯೊಬ್ಬರೂ ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳಲಾಗದ ಸ್ಥಿತಿ ಬಂದಾಗ. 2006ರಲ್ಲಿ ಆರಂಭವಾದ ಗೂಗಲ್ ಕೋಡ್ ಸರ್ಚ್ ಬಳಸಿದ್ದು ಟ್ರೈಗ್ರಾಮ್ ಇಂಡೆಕ್ಸ್, ಅಂದರೆ ಮೂರು ಮೂರು ಅಕ್ಷರಗಳ ತುಣುಕು ಯಾವ ಯಾವ ಫೈಲಿನಲ್ಲಿದೆ ಎಂಬ ಸೂಚಿ. ಆ ಸೇವೆ ನಿಂತ 2012ರಲ್ಲಿ, ಅದನ್ನು ರೂಪಿಸಿದ ರಸ್ ಕಾಕ್ಸ್ ಅದರ ಒಳಗುಟ್ಟನ್ನು ಬರೆದು ಪ್ರಕಟಿಸಿದರು. ಇಂದಿನ ಝೋಕ್ಟ್ ಎಂಬ ಕೋಡ್ ಹುಡುಕಾಟದ ಸಾಧನ ಕೂಡ ಇದೇ ವಂಶದ್ದು. ‘ಮ್ಯೂಟೆಕ್ಸ್’ ಎಂದು ಹುಡುಕಿದರೆ ಎಂ-ಯು-ಟಿ, ಯು-ಟಿ-ಇ, ಟಿ-ಇ-ಎಕ್ಸ್ ಎಂಬ ಮೂರೂ ತುಣುಕುಗಳಿರುವ ಫೈಲುಗಳನ್ನಷ್ಟೇ ಇಂಡೆಕ್ಸ್ ಆರಿಸಿ ಕೊಡುತ್ತದೆ, ನಿಜವಾದ ಹುಡುಕಾಟ ಅಷ್ಟರಲ್ಲೇ ನಡೆಯುತ್ತದೆ. ಎರಡೇ ಅಕ್ಷರದ ಹುಡುಕಾಟಕ್ಕೆ ಇಂತಹ ಇಂಡೆಕ್ಸ್‌ನಿಂದ ಪ್ರಯೋಜನವಿಲ್ಲ.

ಅಂದ ಹಾಗೆ, ಹಳೆಯ ಕೋಡ್‌ನಲ್ಲಿ ನೀವು ಅರಸುತ್ತಿರುವ ಸಾಲು ಎಂದೋ ಅಳಿಸಿಹೋಗಿರಲೂಬಹುದು. ಆಗ ಬದಲಾವಣೆಗಳ ಇತಿಹಾಸ ತೋರಿಸುವ ‘ಗಿಟ್ ಲಾಗ್’ಗೆ ಮೈನಸ್ ದೊಡ್ಡ ‘ಎಸ್’ ಕೊಟ್ಟು ಆ ಪದವನ್ನು ಬರೆಯಿರಿ. ಪದ ಸೇರಿದ ಮತ್ತು ತೆಗೆದ ಕಮಿಟ್‌ಗಳು (ದಾಖಲಾದ ಬದಲಾವಣೆಗಳು) ಸಿಗುತ್ತವೆ.