‘ವೈರುಲೆನ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹೊಟ್ಟೆ ಹುಣ್ಣಿನ ಬಗ್ಗೆ ರೋಗಿಗಳಿಗೆ ಕೊಡುವ ಎರಡು ಪುಟದ ಕೈಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪದಕ್ಕೆ ವಾರದಿಂದ ಒದ್ದಾಟ. ‘ವೈರುಲೆನ್ಸ್’ಗೆ, ಅಂದರೆ ರೋಗಾಣು ಎಷ್ಟು ಜೋರಾಗಿ ಕಾಯಿಲೆ ತರಬಲ್ಲದು ಅನ್ನುವುದಕ್ಕೆ, ಮೊದಲು ‘ತೀವ್ರತೆ’ ಅಂತ ಬರೆದೆ. ಆಮೇಲೆ ನೋಡಿದರೆ ವಾಕ್ಯ ಹೀಗಾಗಿತ್ತು: ‘ಬ್ಯಾಕ್ಟೀರಿಯಾದ ತೀವ್ರತೆಯಿಂದ ಕಾಯಿಲೆಯ ತೀವ್ರತೆ ಹೆಚ್ಚುತ್ತದೆ.’ ಓದಿದವರಿಗೆ ಏನು ತಿಳಿಯಬೇಕು?

ಬಸವನಗುಡಿಯಲ್ಲಿರುವ ನಮ್ಮ ಸೋದರತ್ತೆಗೆ ಹೋದ ತಿಂಗಳು ಎಂಡೋಸ್ಕೋಪಿ ಆಯಿತು. ಹೊಟ್ಟೆಯ ಒಳಪದರದಿಂದ ತೆಗೆದ ಚೂರನ್ನು ಹಳದಿ ಜೆಲ್ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಅದು ಗುಲಾಬಿ ಬಣ್ಣಕ್ಕೆ ತಿರುಗಿತು. ಹೊಟ್ಟೆ ಹುಣ್ಣು ತರುವ ಹೆಲಿಕೊಬ್ಯಾಕ್ಟರ್ ಪೈಲೊರಿ ಇದೆ ಅಂತಾಯಿತು. ಈ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಬಣ್ಣ ಬದಲಾಗುವುದೂ ಅದರಿಂದಲೇ, ಹೊಟ್ಟೆಯ ಆಸಿಡ್‌ನಲ್ಲಿ ಅದು ಬದುಕುಳಿಯುವುದೂ ಅದರಿಂದಲೇ. ಮಾವನಿಗೂ ಪರೀಕ್ಷೆ ಮಾಡಿಸಿದರೆ ಅದೇ! ಅವರಿಗೆ ಒಂದು ದಿನವೂ ಹೊಟ್ಟೆನೋವು ಬಂದಿಲ್ಲ. “ಇಬ್ಬರಿಗೂ ಒಂದೇ ಹುಳ ತಾನೇ? ನನಗೊಬ್ಬಳಿಗೇ ಯಾಕೋ ಹುಣ್ಣು?” ಎಂದು ಅತ್ತೆ ಕೇಳಿದರು.

ಉತ್ತರದ ಒಂದು ಭಾಗ ‘ತಳಿ’ ಅನ್ನೋ ಪದದಲ್ಲಿದೆ. ರಾಗಿ ಬೆಳೆಯುವವರಿಗೆ ಜಿಪಿಯು 28 ಒಂದು ತಳಿ, ಇಂಡಾಫ್ ಇನ್ನೊಂದು. ಹಾಗೇ ಇಲ್ಲೂ. ಕೆಲವು ತಳಿಗಳು ಸೂಜಿಯಂಥ ಅಂಗದಿಂದ ‘ಕಾಗ್‌ಎ’ ಎಂಬ ಪ್ರೋಟೀನನ್ನು ನಮ್ಮ ಜೀವಕೋಶದೊಳಕ್ಕೆ ಚುಚ್ಚುತ್ತವೆ. ಕೆಲವಕ್ಕೆ ಆ ಸೂಜಿಯೇ ಇಲ್ಲ. ‘ವ್ಯಾಕ್‌ಎ’ ಎಂಬ ವಿಷ ಜೀವಕೋಶದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಅದರಲ್ಲೂ ಜೋರಿನದು, ಸಪ್ಪೆಯದು ಅಂತ ಇದೆ. ಇವೆರಡೂ ಜೋರಾಗಿರುವ ತಳಿಗಳಲ್ಲಿ ಹುಣ್ಣು, ಕ್ಯಾನ್ಸರ್‌ನ ಅಪಾಯ ಜಾಸ್ತಿ.

ಆದರೆ ನಮ್ಮ ದೇಶದಲ್ಲಿ ಕಾಗ್‌ಎ ಇರುವ ತಳಿಗಳು ಸಾಮಾನ್ಯ, ಹೊಟ್ಟೆ ಕ್ಯಾನ್ಸರ್ ಮಾತ್ರ ಜಪಾನ್, ಕೊರಿಯಾಗಳಿಗಿಂತ ಎಷ್ಟೋ ಕಡಿಮೆ. ಅಂದರೆ ಬ್ಯಾಕ್ಟೀರಿಯಾದ ಕೈಯಲ್ಲಿರುವುದು ಬೇರೆ, ಮನುಷ್ಯನ ಮೈಯಲ್ಲಿ ಆಗುವುದು ಬೇರೆ. ಎರಡಕ್ಕೂ ‘ತೀವ್ರತೆ’ ಅಂದುಬಿಟ್ಟರೆ ಈ ಮಾತನ್ನು ಕನ್ನಡದಲ್ಲಿ ಹೇಳೋಕೇ ಆಗಲ್ಲ, ಅಲ್ವಾ?

‘ವಿಷಮತೆ’ ಅನ್ನೋಣವೆಂದರೆ ವಿಷಮಶೀತ ಜ್ವರ ನೆನಪಾಗುತ್ತದೆ. ‘ಉಗ್ರತೆ’ ಅಂದರೆ ಪೇಪರ್ ಓದುವವರಿಗೆ ಉಗ್ರರು ಕಣ್ಣ ಮುಂದೆ ಬರುತ್ತಾರೆ. ‘ರೋಗಕಾರಕತೆ’ ಕಾಯಿಲೆ ತರುತ್ತದೋ ಇಲ್ಲವೋ ಅಂತ ಹೇಳುತ್ತದೆ, ಎಷ್ಟು ಜೋರಾಗಿ ಅಂತ ಹೇಳುವುದಿಲ್ಲ. ನನ್ನ ಮನಸ್ಸು ‘ಕೆಡಿಸುವ ಕಸುವು’ ಕಡೆ ವಾಲಿದೆ. ‘ಈ ತಳಿಗೆ ಕಸುವು ಜಾಸ್ತಿ’ ಅಂದರೆ ಅತ್ತೆಗೆ ತಟ್ಟನೆ ಅರ್ಥವಾಯಿತು. ಒಂದೇ ಅಳುಕು: ಮಣ್ಣಿನ ಕಸುವು, ತೋಳಿನ ಕಸುವು ಅಂತ ಒಳ್ಳೆಯದಕ್ಕೇ ಬಳಸಿ ಬಂದ ಪದ ಇದು.

ನಿಮ್ಮ ಊರಿನ ಕಡೆ ಕೆಟ್ಟದ್ದರ ಶಕ್ತಿಗೂ ‘ಕಸುವು’ ಅನ್ನುತ್ತಾರಾ? ಹಾವಿನ ವಿಷಕ್ಕೆ, ಬೆಳೆಗೆ ಬೀಳುವ ರೋಗಕ್ಕೆ ಬೇರೆ ಯಾವುದಾದರೂ ಮಾತಿದ್ದರೆ, ಬಳಸುವ ವಾಕ್ಯದ ಸಮೇತ ಬರೆಯಿರಿ.