ಪಂಚಾಯ್ತಿ ಅಧ್ಯಕ್ಷೆ ಏನು ಉಟ್ಟರೆ ಜನ ಸುಮ್ಮನಿರುತ್ತಾರೆ?

ಮೋರಿ ಅಧ್ಯಕ್ಷೆ (ಸಕಲೇಶಪುರ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೆಸರು ನೋಡಿ ನಗಬೇಡಿ, ಊರಿನವರು ನನಗೆ ಇಟ್ಟ ಹೆಸರೇ ಅದು. ಅಧ್ಯಕ್ಷೆ ಆದ ಮೇಲೆ ಮೊದಲು ಹಿಡಿದ ಕೆಲಸ ಮೋರಿ ರಿಪೇರಿ. ಇನ್ನೂ ಮುಗಿದಿಲ್ಲ, ಅದು ಬೇರೆ ಕಥೆ.

ನಮ್ಮದು ಮಲೆನಾಡಿನ ಸಣ್ಣ ಗ್ರಾಮ ಪಂಚಾಯ್ತಿ. ಅಧ್ಯಕ್ಷ ಸ್ಥಾನ ಮಹಿಳೆಗೆ ಬಂತು, ನಾನಾದೆ. ವಯಸ್ಸು 36. ಎರಡು ಎಕರೆ ಕಾಫಿ ಇದೆ, ಒಂದು ಸ್ಕೂಟಿ ಇದೆ. ಕೇಳಬೇಕಾಗಿರೋದು ಬಟ್ಟೆ ವಿಷಯ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಬರೀತಾಳಲ್ಲ ಅನ್ನಬೇಡಿ.

ಹೋದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೆ ನೀರುಗಂಟಿ ಫೋನ್ ಮಾಡಿದರು. ಧರೆ ಕುಸಿದು ಕುಡಿಯುವ ನೀರಿನ ಪೈಪು ಒಡೆದಿದೆ ಅಂದರು. ಹಾಕಿಕೊಂಡಿದ್ದ ಚೂಡಿದಾರದ ಮೇಲೇ ರೇನ್‌ಕೋಟು ಎಳೆದುಕೊಂಡು, ಗಂಬೂಟ್ ಹಾಕಿಕೊಂಡು ಹೊರಟೆ. ನಮ್ಮ ಕಡೆ ಮಳೆಯಲ್ಲಿ ಸೀರೆ ಉಟ್ಟು ಧರೆ ಹತ್ತಿದವರಿಗೆ ಗೊತ್ತು. ನೆರಿಗೆಯೊಳಗೆ ಇಂಬಳ ಸೇರಿಕೊಂಡರೆ ಮನೆಗೆ ಬಂದು ಸೀರೆ ಬಿಚ್ಚೋವರೆಗೂ ತಿಳಿಯೋದಿಲ್ಲ. ಪೈಪು ಸರಿ ಆಗೋ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಯಾರೋ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು.

ಫೋಟೋದಲ್ಲಿ ಐದು ಜನ ಇದ್ದೆವು. ನನ್ನ ಪಕ್ಕ ಉಪಾಧ್ಯಕ್ಷರು. ಮೊಣಕಾಲುದ್ದದ ಚಡ್ಡಿ, ಯಾವುದೋ ಸಿಮೆಂಟಿನವರು ಬಿಟ್ಟಿ ಕೊಟ್ಟ ಟೀಶರ್ಟು, ನಾಲ್ಕು ದಿನದ ಗಡ್ಡ. ಅವರಿಗೆ ಬಂದ ಮಾತು, ‘ಕೆಲಸಗಾರ ಅಂದ್ರೆ ಹಿಂಗಿರಬೇಕು’. ನನಗೆ ಬಂದದ್ದು, ‘ಅಧ್ಯಕ್ಷರು ಕಾಲೇಜಿಗೆ ಹೊರಟಂಗಿದೆ’. ಅದರ ಕೆಳಗೆ ಇನ್ನೊಬ್ಬರು, ‘ವೇಲ್ ಎಲ್ಲಿ?’

ರೇನ್‌ಕೋಟಿನ ಒಳಗಿತ್ತು ಸ್ವಾಮಿ, ವೇಲು.

ಸರಿ, ಸೀರೆಯನ್ನೇ ಉಡೋಣ ಅಂದುಕೊಂಡೆ. ತಾಲ್ಲೂಕು ಮಟ್ಟದ ಸಭೆಗೆ ಅಮ್ಮ ಕೊಟ್ಟ ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ಆನೆ ಕಾಟದ ಬಗ್ಗೆ ಬರೆದುಕೊಂಡು ಹೋಗಿ ಹತ್ತು ನಿಮಿಷ ಮಾತಾಡಿದೆ. ಬೆಳಗಿನ ಜಾವ ತೋಟದ ಕೆಲಸಕ್ಕೆ ಹೋಗೋ ಹೆಂಗಸರಿಗೆ ಆನೆ ಎಲ್ಲಿದೆ ಅಂತ ಮೆಸೇಜ್ ತಡವಾಗಿ ಬರುತ್ತೆ, ಕೆಲವರ ಹತ್ತಿರ ಫೋನೇ ಇಲ್ಲ ಅಂತ. ಊಟದ ಹೊತ್ತಿಗೆ ಒಬ್ಬ ಅಧಿಕಾರಿ ಹತ್ತಿರ ಬಂದು, ‘ಏನ್ ಮೇಡಂ, ಮದುವೆ ಮನೆಯಿಂದ ನೇರ ಬಂದ್ರಾ?’ ಅಂದರು. ಒಳ್ಳೆ ಮನುಷ್ಯರೇ, ತಮಾಷೆಗೆ ಅಂದಿದ್ದು. ಆದರೆ ಅವತ್ತು ನನ್ನ ಹತ್ತಿರ ಯಾರೂ ಆನೆ ಬಗ್ಗೆ ಕೇಳಲಿಲ್ಲ. ಮೂರು ಜನ ಸೀರೆ ಎಲ್ಲಿ ತಗೊಂಡ್ರಿ ಅಂತ ಕೇಳಿದರು.

ಮುಂದಿನ ಸಲ ಕಾಟನ್ ಸೀರೆ. ನಮ್ಮದೇ ಮಹಿಳಾ ಸದಸ್ಯೆ ಒಬ್ಬರು ಪಕ್ಕಕ್ಕೆ ಕರೆದು, ‘ಹಿಂಗೆ ಬರಬೇಡ ಕಣೇ, ಕೂಲಿಗೆ ಹೊರಟಂಗೆ ಕಾಣ್ತೀಯ, ಪಂಚಾಯ್ತಿ ಮರ್ಯಾದೆ ಪ್ರಶ್ನೆ’ ಅಂದರು.

ನಾನೇನೂ ದೊಡ್ಡ ಸಾಚಾ ಅಲ್ಲ. ಟಿವಿಯಲ್ಲಿ ಒಬ್ಬ ಶಾಸಕಿ ಮಾತಾಡುವಾಗ ‘ಇಷ್ಟು ಲಿಪ್‌ಸ್ಟಿಕ್ ಬೇಕಿತ್ತಾ’ ಅಂತ ನಾನೇ ಅಂದಿದ್ದೀನಿ. ಅವರು ಏನು ಮಾತಾಡಿದರು ಅಂತ ಇವತ್ತಿಗೂ ನೆನಪಿಲ್ಲ, ಲಿಪ್‌ಸ್ಟಿಕ್ ಬಣ್ಣ ನೆನಪಿದೆ.

ಇನ್ನು ಹದಿನೈದು ದಿನಕ್ಕೆ ಗ್ರಾಮಸಭೆ. ಏನು ಉಟ್ಟುಕೊಂಡು ಹೋಗಲಿ? ಅಥವಾ ಈ ಮಾತುಗಳಿಗೆ ಸಭೆಯಲ್ಲೇ ಉತ್ತರ ಕೊಡಬೇಕಾ? ಅನುಭವ ಇರೋರು ಹೇಳಿ.

---

ಕತ್ತರಿ ಅಣ್ಣ (ಹಾಸನ):

ನಾನು ಟೈಲರ್. ಕಟ್ಟಿನಕೆರೆ ಮಾರ್ಕೆಟ್ ಹತ್ತಿರ 22 ವರ್ಷದಿಂದ ಅಂಗಡಿ. ರಾಜಕೀಯದವರ ಬಟ್ಟೆ ಬಹಳ ಹೊಲಿದಿದ್ದೀನಿ, ಆ ಲೆಕ್ಕದಲ್ಲಿ ಹೇಳ್ತೀನಿ ತಂಗಿ.

ಗಂಡಸರು ಎಲೆಕ್ಷನ್ನಿಗೆ ನಿಂತರೆ ಒಂದೇ ಆರ್ಡರ್. ಬಿಳಿ ಶರ್ಟು, ನಾಲ್ಕೋ ಆರೋ, ಎಲ್ಲಾ ಒಂದೇ ಅಳತೆ. ಜಾಸ್ತಿ ಅಂದ್ರೆ ಒಂದು ಮಾತು ಸೇರಿಸ್ತಾರೆ, ಜೇಬಿನ ಬಟ್ಟೆ ತೆಳ್ಳಗಿರಲಿ, ಒಳಗಿಟ್ಟ ಲೀಡರ್ ಫೋಟೋ ಹೊರಗೆ ಕಾಣಬೇಕು ಅಂತ. ಅಲ್ಲಿಗೆ ಮುಗೀತು. ಸೋತರೂ ಗೆದ್ದರೂ ಅದೇ ಶರ್ಟು.

ಹೆಂಗಸರದು ಹಾಗಲ್ಲ. ಒಬ್ಬಾಕೆ ಗೆದ್ದ ವಾರದಲ್ಲೇ ಐದು ಹಳೇ ಬ್ಲೌಸ್ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಹಿಂದಿನ ಕತ್ತು ಮುಚ್ಚಿ, ಡೋರಿ ಕಿತ್ತುಹಾಕಿ, ತೋಳು ಮೊಣಕೈವರೆಗೆ ಇಳಿಸಿಕೊಡಿ ಅಂದರು. ಮುಚ್ಚೋಕೆ ಅದೇ ಬಟ್ಟೆ ಎಲ್ಲಿಂದ ತರೋದು? ಮೂರಕ್ಕೆ ಸೀರೆಯ ಒಳಸೆರಗಿಂದ ಕತ್ತರಿಸಿ ಕೊಟ್ಟೆ. ಎರಡಕ್ಕೆ ಬೇರೆ ಬಟ್ಟೆ ಜೋಡಿಸಿದೆ, ಬಣ್ಣ ಪೂರ್ತಿ ಕೂಡಿಬರಲಿಲ್ಲ. ಆಕೆ ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿ, ‘ಸೆರಗು ಹೊದ್ಕೊಂಡ್ರೆ ಕಾಣಲ್ಲ ಅಲ್ವಾ ಅಣ್ಣ’ ಅಂದರು. ಮೆಂಬರ್ ಆಗೋಕೆ ಮುಂಚೆ ಹತ್ತು ವರ್ಷ ಅದೇ ಬ್ಲೌಸ್ ಹಾಕಿಕೊಂಡು ಜಾತ್ರೆ, ಮದುವೆ ಎಲ್ಲಾ ಮಾಡಿದ್ದರು. ಆಗ ಯಾರೂ ಏನೂ ಅಂದಿರಲಿಲ್ಲ.

ಸಲಹೆ ಗಿಲಹೆ ನನ್ನ ಹತ್ತಿರ ಇಲ್ಲ. ಕಂಡದ್ದು ಹೇಳಿದೆ.

---

ನಿವೃತ್ತ ಟೀಚರ್ (ಚಿಕ್ಕಮಗಳೂರು):

ಮಗಳೇ, ನಮ್ಮೂರಿಗೆ ಇದು ಹೊಸದಲ್ಲ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಇಲ್ಲಿ ಲೋಕಸಭೆ ಉಪಚುನಾವಣೆಗೆ ನಿಂತರು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟು. ನಾನಾಗ ಎಂಟನೇ ಕ್ಲಾಸು. ‘ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರ್ ಭಾಯಿ ಚಿಕ್ಕಮಗಳೂರ್’ ಅಂತ ಜೀಪಿನಲ್ಲಿ ಕೂಗಿಕೊಂಡು ಹೋಗುತ್ತಿದ್ದರು. ನಮಗೆ ಹಿಂದಿ ಎಲ್ಲಿ ಬರಬೇಕು? ಲಂಗೂರ್ ಅಂದ್ರೆ ಲಂಗಕ್ಕೆ ಸಂಬಂಧಪಟ್ಟ ಏನೋ ಇರಬೇಕು, ಆಯಮ್ಮ ನೂರು ಲಂಗ ಹಂಚ್ತಾಳೆ ಅಂತ ನಾವು ಹುಡುಗಿಯರು ಮಾತಾಡಿಕೊಂಡಿದ್ದೆವು. ಕೋತಿ ಅಂತ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ನಮ್ಮಮ್ಮ ಮತ್ತು ಪಕ್ಕದ ಮನೆಯವರು ಭಾಷಣ ಕೇಳೋಕೆ ಹೋಗಿ ಬಂದರು. ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು. ಸೆರಗು ತಲೆ ಮೇಲೆ ಹೇಗೆ ನಿಲ್ಲುತ್ತೆ, ಪಿನ್ ಹಾಕ್ತಾರಾ? ಆ ಒಂದು ಎಳೆ ಬೆಳ್ಳಗಿನ ಕೂದಲು ಬೇಕಂತಲೇ ಬಿಟ್ಟಿದ್ದಾ? ಗಂಡ ಇಲ್ಲದವರು ಹಾಗೆ ಉಡಬಹುದಾ? ಅಪ್ಪ ಬೇರೆ, ‘ಬಹಳ ಸಣ್ಣ ಆಳು’ ಅಂದರು.

ಎದುರು ನಿಂತಿದ್ದು ವೀರೇಂದ್ರ ಪಾಟೀಲರು, ಮುಖ್ಯಮಂತ್ರಿ ಆಗಿದ್ದವರು. ಅವರೂ ಊರೂರು ತಿರುಗಿದರು. ಮೊನ್ನೆ ಅಕ್ಕನಿಗೆ ಫೋನ್ ಮಾಡಿ ಕೇಳಿದೆ, ಪಾಟೀಲರು ಪಂಚೆ ಉಟ್ಟಿದ್ದರೋ ಪ್ಯಾಂಟು ಹಾಕಿದ್ದರೋ ಅಂತ. ‘ಅದ್ಯಾರು ನೋಡ್ತಾರೆ’ ಅಂದಳು.

---

ಕೊಬ್ಬರಿ ಗೌಡ (ಅರಸೀಕೆರೆ):

ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರಾಗಬೇಡಿ ಅಕ್ಕ. ಗಂಡಸರನ್ನೂ ಜನ ಬಿಟ್ಟಿಲ್ಲ. ನಮ್ಮ ದೇವೇಗೌಡರು 1996ರಲ್ಲಿ ಪ್ರಧಾನಿ ಆದಾಗ ಅವರು ತೂಕಡಿಸೋ ಫೋಟೋ ಹಾಕಿ ದೆಹಲಿಯವರು ಎಷ್ಟು ಆಡಿಕೊಂಡರು? ಮೋದಿಯವರು 2015ರಲ್ಲಿ ಒಬಾಮಾ ಬಂದಾಗ ಹೆಸರು ನೇಯ್ದ ಸೂಟು ಹಾಕಿದ್ದಕ್ಕೆ ಎಷ್ಟು ಗಲಾಟೆ ಆಯ್ತು? ಸಿದ್ದರಾಮಯ್ಯನವರ ವಾಚು ನೆನಪಿಲ್ವಾ? 2016ರಲ್ಲಿ ವಿಧಾನಸಭೆಯೇ ನಿಂತುಹೋಗಿತ್ತು. ರಾಜಕೀಯಕ್ಕೆ ಬಂದ ಮೇಲೆ ಎಲ್ಲರನ್ನೂ ಜನ ನೋಡ್ತಾರೆ. ಹೆಣ್ಣು ಅಂತ ಮಾತ್ರ ಅಲ್ಲ.

---

ಮೋರಿ ಅಧ್ಯಕ್ಷೆ:

ಗೌಡ್ರೇ, ಬೇಜಾರೇನಿಲ್ಲ. ನೀವು ಹೇಳಿದ್ದೆಲ್ಲ ನಿಜ. ಆದರೆ ಒಂದ್ಸಲ ಯೋಚನೆ ಮಾಡಿ. ವಾಚಿನ ವಿಷಯದಲ್ಲಿ ಕೇಳಿದ್ದೇನು? ಎಷ್ಟು ಲಕ್ಷದ್ದು, ಯಾರು ಕೊಟ್ಟರು, ಯಾಕೆ ಕೊಟ್ಟರು. ಸೂಟಿನದೂ ಅಷ್ಟೇ, ದುಡ್ಡಿನ ಮಾತು. ಕೊನೆಗೆ ಹರಾಜಿನಲ್ಲಿ 4.31 ಕೋಟಿಗೆ ಹೋಯ್ತು. ಅದನ್ನ ಕೇಳಲೇಬೇಕು ಬಿಡಿ, ನಾನೂ ಕೇಳ್ತೀನಿ. ಸಿದ್ದರಾಮಯ್ಯನವರ ಕೈಗೆ ಆ ವಾಚು ಒಪ್ಪುತ್ತಾ, ಈ ವಯಸ್ಸಿಗೆ ಅದೆಲ್ಲ ಬೇಕಾ, ಮನೇಲಿ ಹೇಳೋರು ಕೇಳೋರು ಇಲ್ವಾ ಅಂತ ಯಾರಾದರೂ ಅಂದರಾ?

ನನ್ನ ಚೂಡಿದಾರ 650 ರೂಪಾಯಿದು. ಅದರ ಬೆಲೆ ಯಾರೂ ಕೇಳಲಿಲ್ಲ. ನನ್ನ ಗಂಡ ಏನೂ ಅನ್ನಲ್ವಾ ಅಂತ ಕೇಳಿದರು.

ದೇವೇಗೌಡರ ವಿಷಯ ನೀವು ಹೇಳಿದ್ದು ನನಗೂ ತಾಗಿತು. ದೆಹಲಿಯವರು ನಕ್ಕಿದ್ದು ಹಳ್ಳಿಯವರು ಅಂತ. ಆದರೆ ಅವರು ಅದೇ ಪಂಚೆಯಲ್ಲಿ ಹೊಳೆನರಸೀಪುರಕ್ಕೆ ಬಂದರೆ ಜನ ಕೈ ಮುಗಿದು ಮಣ್ಣಿನ ಮಗ ಅನ್ನುತ್ತಿದ್ದರು. ನನಗೆ ಅನ್ನೋರು ನನ್ನೂರಿನವರೇ. ನಾನು ವಾಪಸ್ ಹೋಗೋದು ಎಲ್ಲಿಗೆ?

---

ಕೊಬ್ಬರಿ ಗೌಡ:

ಗಂಡನ ಮಾತು ಕೇಳಿದ್ದು ತಪ್ಪು, ಒಪ್ಪಿದೆ. ಆದರೂ ಗ್ರಾಮಸಭೆಗೆ ಸೀರೆಯಲ್ಲೇ ಹೋಗಿ ಅಂತ ನನ್ನ ಅಭಿಪ್ರಾಯ. ಹಿರಿಯರು ಬಂದಿರ್ತಾರೆ.

---

ಮಾಜಿ ಮೆಂಬರ್ (ಮೂಡಿಗೆರೆ):

ಹಿರಿಯರು ಬರ್ತಾರೆ ಅಂತ ಉಪಾಧ್ಯಕ್ಷರು ಪಂಚೆ ಉಟ್ಟು ಬರ್ತಾರಾ ಗೌಡ್ರೇ? ಸುಮ್ನೆ ಕೇಳಿದೆ.

ನಾನು ಎರಡು ಸಲ ಮೆಂಬರ್ ಆಗಿದ್ದೆ. ನಮ್ಮ ಕಡೆ ಮೋಟಮ್ಮನವರನ್ನ ನೋಡಿಕೊಂಡೇ ಬೆಳೆದವರು ನಾವು. ಸಚಿವೆ ಆದರು, ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕಿ ಆದರು. ಸ್ತ್ರೀಶಕ್ತಿ ಸಂಘ ಅಂತ ಇವತ್ತು ಊರೂರಿಗೆ ಇದೆಯಲ್ಲ, ಅದು ಶುರುವಾಗಿದ್ದು ಅವರು ಮಹಿಳಾ ಮತ್ತು ಮಕ್ಕಳ ಇಲಾಖೆ ನೋಡುತ್ತಿದ್ದಾಗ. ಅವರ ಮಗಳು ನಯನಾ 2023ರಲ್ಲಿ ಗೆದ್ದರು. ಓದಿದ್ದು ಕಾನೂನು. ಆ ಚುನಾವಣೆ ಹೊತ್ತಿಗೆ ಮೊಬೈಲಿನಿಂದ ಮೊಬೈಲಿಗೆ ಓಡಾಡಿದ್ದು ಏನು? ಪ್ರವಾಸಕ್ಕೆ ಹೋದಾಗ ಹಾಕಿಕೊಂಡ ಬಟ್ಟೆಯ ಫೋಟೋ. ಗೆದ್ದ ಮೇಲೆ ಅವರೇ ರೀಲ್ ಮಾಡಿ ಹಾಕಿ ಉತ್ತರ ಕೊಟ್ಟರು. ನನಗೆ ಆ ಬಟ್ಟೆ ಇಷ್ಟವಾಗದೇ ಇರಬಹುದು, ನನ್ನ ಕಾಲದವರಿಗೆ ಅದು ಹೊಸದು. ಆದರೆ ನಮ್ಮ ತಾಲ್ಲೂಕಿನ ರಸ್ತೆಗೂ ಅದಕ್ಕೂ ಏನು ಸಂಬಂಧ?

ಉತ್ತರ ಕೊಡಬೇಕಾ ಅಂತ ಕೇಳಿದ್ದೀಯ. ಸಭೆಯಲ್ಲಿ ಬಟ್ಟೆ ಮಾತು ನೀನಾಗಿ ಎತ್ತಬೇಡಮ್ಮ. ಎತ್ತಿದರೆ ನಡವಳಿ ಪುಸ್ತಕದಲ್ಲಿ ಮೋರಿ ಹೋಗಿ ಬಟ್ಟೆ ಕೂತ್ಕೊಳ್ಳುತ್ತೆ. ಅವರು ಎತ್ತಿದರೆ, ‘ಇದನ್ನ ನಡವಳಿಯಲ್ಲಿ ಬರೆಸಲಾ? ಹೆಸರು ಹೇಳಿ’ ಅಂತ ಕೇಳು. ನಾನು ಒಂದ್ಸಲ ಕೇಳಿದ್ದೆ. ಆ ಮನುಷ್ಯ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದ.

---

ರಾತ್ರಿ ಪಾಳಿ (ಹಾಸನದವನು, ಈಗ ಮೆಲ್ಬರ್ನ್):

ಆಸ್ಟ್ರೇಲಿಯಾದ ಒಂದು ವಿಷಯ. ಕಾರ್ಲ್ ಸ್ಟೆಫಾನೊವಿಕ್ ಅಂತ ಇಲ್ಲಿ ಬೆಳಗಿನ ಟಿವಿ ನಿರೂಪಕ. ಆಗ ಪಕ್ಕದಲ್ಲಿ ಕೂರುತ್ತಿದ್ದ ಲೀಸಾ ವಿಲ್ಕಿನ್ಸನ್‌ಗೆ ದಿನಾ ಬಟ್ಟೆ ಬಗ್ಗೆ ದೂರು ಬರೋದು. ಇವನು ಒಂದೇ ನೀಲಿ ಸೂಟನ್ನ ಹೆಚ್ಚುಕಮ್ಮಿ ಒಂದು ವರ್ಷ ಹಾಕಿಕೊಂಡ. ಒಬ್ಬ ವೀಕ್ಷಕನೂ ಗಮನಿಸಲಿಲ್ಲ. 2014ರಲ್ಲಿ ಅವನೇ ಬಾಯಿಬಿಟ್ಟು ಹೇಳಿದ ಮೇಲೆ ಗೊತ್ತಾಯ್ತು. ನಿಮ್ಮ ಉಪಾಧ್ಯಕ್ಷರ ಹಳೇ ಫೋಟೋ ತೆಗೆದು ನೋಡಿ.

---

ಮೋರಿ ಅಧ್ಯಕ್ಷೆ:

ನೋಡಿದೆ! ಪಂಚಾಯ್ತಿ ಫೇಸ್‌ಬುಕ್ ಪುಟದಲ್ಲಿ ಚಳಿಗಾಲದ್ದು ಒಂಬತ್ತು ಫೋಟೋ ಇದೆ. ಒಂಬತ್ತರಲ್ಲೂ ಅದೇ ಕಂದು ಸ್ವೆಟರ್. ಎಡತೋಳಿನ ಹತ್ತಿರ ಬಿಟ್ಟುಕೊಂಡಿರೋ ದಾರ ಡಿಸೆಂಬರಿನಲ್ಲಿ ಗಿಡ್ಡ ಇತ್ತು, ಫೆಬ್ರವರಿಗೆ ಉದ್ದ ಆಗಿದೆ. ನಮ್ಮತ್ತೆಗೂ ತೋರಿಸಿದೆ. ‘ಪಾಪ, ಸರಳ ಮನುಷ್ಯ’ ಅಂದರು. ಏನು ಮಾಡೋದು ಹೇಳಿ.

---

ಮೋರಿ ಅಧ್ಯಕ್ಷೆ (ಹದಿನೆಂಟು ದಿನದ ಮೇಲೆ):

ಏನಾಯ್ತು ಅಂತ ಕೇಳಿದವರಿಗೆ. ಗ್ರಾಮಸಭೆಗೆ ಚೂಡಿದಾರದಲ್ಲೇ ಹೋದೆ, ಅದೇ 650ರದ್ದು. ಸಭೆ ಮುಗಿದ ತಕ್ಷಣ ಮೋರಿ ಅಳತೆ ತೋರಿಸೋಕೆ ಎಂಜಿನಿಯರ್ ಜೊತೆ ಹಳ್ಳಕ್ಕೆ ಇಳಿಯೋದಿತ್ತು. ಮಾಜಿ ಮೆಂಬರ್ ಅಕ್ಕ ಹೇಳಿಕೊಟ್ಟ ಮಾತು ಕಂಠಪಾಠ ಮಾಡಿಕೊಂಡು ಹೋಗಿದ್ದೆ, ಹೇಳೋ ಅವಕಾಶವೇ ಬರಲಿಲ್ಲ. ಎರಡು ಗಂಟೆ ಬರೀ ಇ-ಸ್ವತ್ತು, ಬೀದಿ ದೀಪ, ಇ-ಸ್ವತ್ತು. ಸಂಜೆ ಗುಂಪಿನಲ್ಲಿ ಫೋಟೋ ಬಂತು. ಈ ಸಲ ಒಬ್ಬರು ಅಂದಿದ್ದು, ‘ಅಧ್ಯಕ್ಷರ ಹತ್ರ ಒಂದೇ ಡ್ರೆಸ್ ಇರೋದಾ?’

ಎರಡನೇ ಸಲಕ್ಕೇ ಕಂಡುಹಿಡಿದರು ನೋಡಿ. ಮೆಲ್ಬರ್ನ್ ತಮ್ಮ, ನಿಮ್ಮ ನೀಲಿ ಸೂಟು ನಮ್ಮೂರಿನಲ್ಲಿ ನಡೆಯಲ್ಲ.

ಮೋರಿಗೆ ಅಂದಾಜು ಪಟ್ಟಿ ಆಯ್ತು.

ಕತ್ತರಿ ಅಣ್ಣ, ನಿಮಗೊಂದು ಕೆಲಸ. ಹಳ್ಳದಲ್ಲಿ ಟೇಪು ಹಿಡಿಯೋವಾಗ ಫೋನು, ಪೆನ್ನು ಇಡೋಕೆ ಜಾಗ ಇಲ್ಲದೆ ಎರಡನ್ನೂ ಉಪಾಧ್ಯಕ್ಷರ ಜೇಬಿಗೆ ಕೊಟ್ಟಿದ್ದೆ. ಚೂಡಿದಾರದ ಟಾಪಿಗೆ ಜೇಬು ಹಾಕಿಕೊಡ್ತೀರಾ? ಎರಡೂ ಕಡೆ ಬೇಕು. ಮಡಚಿದ ಕಾಗದ ಹಿಡಿಯೋ ಅಷ್ಟು ಆಳ.

---

ಕತ್ತರಿ ಅಣ್ಣ:

ಧಾರಾಳವಾಗಿ ತಂಗಿ. ಮೂರು ಜೊತೆ ಒಟ್ಟಿಗೇ ಹೊಲಿಸಿಬಿಡಿ, ಬೇರೆ ಬೇರೆ ಬಣ್ಣ. ಕಾಟನ್ ಆದರೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ ತನ್ನಿ. ಆಮೇಲೆ ಕುಗ್ಗಿತು ಅಂತ ನನಗೆ ಹೇಳಬೇಡಿ. ಮಂಗಳವಾರ ಅಂಗಡಿ ರಜ.